ಒಡಪು ಹೇಳುವ ಕೀ

ಪುಟ್ಟಿ,

ಹೋದ ತಿಂಗಳು ಜೋಗದ ಪಾರ್ಕಿಂಗಿನಿಂದ ನೀನು ಫೋನ್ ಮಾಡಿದ್ದು ಇನ್ನೂ ಕಿವಿಯಲ್ಲೇ ಇದೆ. ‘ಮಾವ, ಕೀ ನನ್ನ ಕೈಯಲ್ಲೇ ಇದೆ. ಕಾರು ಮಾತ್ರ ಕೀ ಇಲ್ಲ ಅಂತಿದೆ!’ ಹಿಂದೆ ಮಳೆ ಹೊಡೆಯುವ ಸದ್ದು, ನಿನ್ನ ಗೆಳತಿಯರ ಗಲಾಟೆ, ಯಾರೋ ಪುಣ್ಯಾತ್ಮ ‘ತಳ್ಳೋಣ್ವಾ ಮೇಡಂ’ ಅನ್ನುತ್ತಿದ್ದ. ತಳ್ಳಿಸಬೇಡ ಅಂದೆ. ಕ್ಲಚ್ ತುಳಿ, ರಿಮೋಟನ್ನು ಸ್ಟಾರ್ಟ್ ಬಟನ್ನಿಗೆ ಒತ್ತಿ ಹಿಡಿ, ಆ ರಿಮೋಟಿನಿಂದಲೇ ಬಟನ್ ಅದುಮು ಅಂದೆ. ಒಂದು ಗಳಿಗೆ ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಎಂಜಿನ್ ಸದ್ದು ನನಗೆ ಇಲ್ಲಿಗೇ ಕೇಳಿಸಿತು. ‘ಏನ್ ಮಂತ್ರ ಹಾಕಿದ್ರಿ ಮಾವ?’ ಅಂದೆ ನೀನು.

ಅವತ್ತೇ ಬಿಡಿಸಿ ಹೇಳಬೇಕಿತ್ತು, ಅಷ್ಟರಲ್ಲಿ ಸಿಗ್ನಲ್ ಹೋಯಿತು. ನಿನ್ನೆ ನಿನ್ನಮ್ಮ ಫೋನಿನಲ್ಲಿ ಇನ್ನೊಂದು ವಿಷಯ ಹೇಳಿದಳು. ಜೋಗದ ಫಜೀತಿ ಆದ ಮೇಲೆ ನೀನೊಂದು ಉಪಾಯ ಮಾಡಿದ್ದೀಯಂತೆ. ಕೇಳಿ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ ಕಣಮ್ಮ. ಆ ಉಪಾಯದ ಸಂಗತಿಗೆ ಕೊನೆಯಲ್ಲಿ ಬರುತ್ತೇನೆ. ಮೊದಲು ನಿನ್ನ ಕಾರಿನೊಳಗೆ ಏನು ನಡೆಯುತ್ತದೆ ಅನ್ನುವುದನ್ನು ಕೇಳು. ಅದು ತಿಳಿಯದೆ ನಾನು ಬೈದರೆ ಮುದುಕನ ಗೊಣಗಾಟ ಅಂದುಕೊಳ್ಳುತ್ತೀಯ.

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ 38 ವರ್ಷ ವೈರಿಂಗ್ ಕೆಲಸ ಮಾಡಿದವನು ನಾನು. ಕೆಲಸಕ್ಕೆ ಸೇರಿದಾಗ ಅಂಬಾಸಿಡರ್ ಕಾಲ. ಅದರ ಕೀ ಅಂದರೆ ತಗಡಿನ ಚೂರು. ಸವೆದ ಕೀ ಆದರಂತೂ ಪಕ್ಕದಲ್ಲಿ ನಿಂತ ಅಂಬಾಸಿಡರಿಗೂ ಒಮ್ಮೊಮ್ಮೆ ಹಿಡಿಯುತ್ತಿತ್ತು. ಕೀ ಇಲ್ಲದಿದ್ದರೂ ನಡೆಯುತ್ತಿತ್ತು ಅನ್ನು. ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ ಎರಡು ವೈರ್ ಕೂಡಿಸಿದರೆ ಇಗ್ನಿಷನ್ ಆನ್, ಮೂರನೆಯದನ್ನು ತಾಗಿಸಿದರೆ ಸೆಲ್ಫ್ ಹೊಡೆಯುತ್ತಿತ್ತು. ಅದಕ್ಕೇ ಪಳಗಿದ ಡ್ರೈವರುಗಳು ರಾತ್ರಿ ಲಾಡ್ಜಿನಲ್ಲಿ ಮಲಗುವ ಮುಂಚೆ ಬಾನೆಟ್ ಎತ್ತಿ, ಡಿಸ್ಟ್ರಿಬ್ಯೂಟರ್ ಮುಚ್ಚಳದ ಎರಡು ಕ್ಲಿಪ್ ಬಿಡಿಸಿ, ಒಳಗಿನ ರೋಟರನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಹೆಬ್ಬೆರಳ ಗಾತ್ರದ ತುಂಡು ಅದು. ಅದಿಲ್ಲದೆ ಪ್ಲಗ್ಗಿಗೆ ಕಿಡಿ ಹೋಗದು. ಕಳ್ಳ ಬಾಗಿಲು ತೆಗೆಯಲಿ, ವೈರ್ ಕೂಡಿಸಲಿ, ಬೆಳಗಿನ ತನಕ ಸೆಲ್ಫ್ ಹೊಡೆಯಲಿ, ಎಂಜಿನ್ ಹೊತ್ತಿಕೊಳ್ಳದು.

ನಿನ್ನ ಕಾರಿನಲ್ಲಿರುವ ಇಮ್ಮೊಬಿಲೈಸರ್ ಅಂದರೆ ಆ ಜೇಬಿನ ರೋಟರ್ ಇದ್ದ ಹಾಗೆ, ಅಷ್ಟೇ. ಬಾಗಿಲ ಬೀಗಕ್ಕೂ ಅದಕ್ಕೂ ಸಂಬಂಧವಿಲ್ಲ. ಎಂಜಿನ್ನಿನ ಪ್ರಾಣವನ್ನು ತೆಗೆದು ಬೇರೆ ಕಡೆ ಇಡುವ ಏರ್ಪಾಡು ಅದು. ಏಳು ಸಮುದ್ರದಾಚೆ ಗಿಳಿಯೊಳಗೆ ರಾಕ್ಷಸನ ಪ್ರಾಣ ಇತ್ತು ಅಂತ ನಮ್ಮಮ್ಮ ನಿನಗೂ ಕತೆ ಹೇಳಿದ್ದಾಳಲ್ಲ, ಹಾಗೆ.

ಬಟನ್ ಸ್ಟಾರ್ಟ್ ಈಚಿನ ಸೋಜಿಗ ಅಂತ ಶೋರೂಮಿನ ಹುಡುಗ ಹೇಳಿರುತ್ತಾನೆ, ಬಿಡು. 1912ರ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟ್ಟರಿಂಗ್ ವಿದ್ಯುತ್ ಸ್ಟಾರ್ಟರ್ ಮಾಡಿಕೊಟ್ಟ. ಆಮೇಲೆ ಎಷ್ಟೋ ವರ್ಷ ಸೆಲ್ಫ್ ಹೊಡೆಯುವುದಕ್ಕೆ ಬೇರೆಯೇ ಬಟನ್ನೋ ಪೆಡಲ್ಲೋ ಇರುತ್ತಿತ್ತು. ಯುದ್ಧಕಾಲದ ವಿಲ್ಲಿಸ್ ಜೀಪಿನಲ್ಲಿ ಅದು ಕಾಲ ಬುಡದಲ್ಲಿತ್ತು, ತುಳಿದು ಸ್ಟಾರ್ಟ್ ಮಾಡಬೇಕು. ಒಂದೇ ಕೀ ತಿರುಗಿಸಿ ಇಗ್ನಿಷನ್ನೂ ಸೆಲ್ಫೂ ಎರಡನ್ನೂ ನಡೆಸುವ ಪದ್ಧತಿ ಕ್ರೈಸ್ಲರ್ ಕಂಪನಿ 1949ರಲ್ಲಿ ತಂದದ್ದು. ಬಟನ್ ಹೋಗಿ ಕೀ ಬಂತು, ಈಗ ಕೀ ಹೋಗಿ ಬಟನ್ ಬಂದಿದೆ.

ಈಗ ನಿನ್ನ ರಿಮೋಟಿಗೆ ಬರೋಣ. ಅದರ ಹೊಟ್ಟೆಯಲ್ಲಿ ಎರಡು ಬೇರೆ ಬೇರೆ ಜೀವ ಇವೆ. ಒಂದಕ್ಕೆ ಸೆಲ್ ಬೇಕು, ಇನ್ನೊಂದಕ್ಕೆ ಬೇಡ. ಈ ಕಾಗದದಲ್ಲಿ ಬೇರೇನು ಮರೆತರೂ ಇದನ್ನು ಮರೆಯಬೇಡ.

ಸೆಲ್ ಬೇಡದ್ದು ಇಮ್ಮೊಬಿಲೈಸರ್ ಚಿಪ್. ಟ್ರಾನ್ಸ್‌ಪಾಂಡರ್ ಅನ್ನುತ್ತಾರೆ. ಮೊದಮೊದಲ ಕೀಗಳನ್ನು ಬಿಚ್ಚಿದರೆ ಅಕ್ಕಿಕಾಳಿಗಿಂತ ತುಸು ದೊಡ್ಡ ಗಾಜಿನ ಗುಳಿಗೆಯೊಂದು ಟಣ್ ಅಂತ ಮೇಜಿನ ಮೇಲೆ ಬೀಳುತ್ತಿತ್ತು. ಬೆಳಕಿಗೆ ಹಿಡಿದರೆ ಒಳಗೆ ಕೂದಲಿನಂಥ ತಾಮ್ರದ ತಂತಿಯ ಸುರುಳಿ ಕಾಣಿಸುತ್ತಿತ್ತು. ಮೊದಲ ಸಲ ಅದನ್ನು ನೋಡಿದಾಗ ಕಸ ಅಂದುಕೊಂಡು ಊದಿ ಹಾರಿಸಿದವನು ನಾನು. ಆಮೇಲೆ ಅಂಗಡಿ ಪೂರ್ತಿ ಗುಡಿಸಿ ಹುಡುಕಿದ್ದೂ ನಾನೇ. ಕಾರಿನ ಕಡೆಯೂ ಅಂಥದೇ ಸುರುಳಿ ಇರುತ್ತದೆ, ತಿರುಗಿಸುವ ಕೀಯ ಕಾರಿನಲ್ಲಿ ಬೀಗದ ಬಾಯಿಯ ಸುತ್ತ, ನಿನ್ನ ಕಾರಿನಲ್ಲಿ ಸ್ಟಾರ್ಟ್ ಬಟನ್ನಿನ ಹಿಂದೆ. ಕಾರಿನ ಸುರುಳಿಯಲ್ಲಿ ಸುಮಾರು 125 ಕಿಲೋಹರ್ಟ್ಸ್ ವೇಗದಲ್ಲಿ ಕರೆಂಟ್ ಹಿಂದೆ ಮುಂದೆ ಓಡಾಡುತ್ತದೆ. ಹತ್ತಿರ ಬಂದ ಚಿಪ್ಪಿನ ಸುರುಳಿಗೆ ಅದರಿಂದಲೇ ಕರೆಂಟ್ ಹುಟ್ಟುತ್ತದೆ. ನಿನ್ನ ಮೆಟ್ರೊ ಕಾರ್ಡಿಗೆ ಯಾವತ್ತಾದರೂ ಸೆಲ್ ಹಾಕಿದ್ದೀಯಾ? ಅದೇ ಬಗೆ. ಅದಕ್ಕೇ ಜೋಗದಲ್ಲಿ ಸೆಲ್ ಸತ್ತಿದ್ದರೂ ರಿಮೋಟನ್ನು ಬಟನ್ನಿಗೆ ಒತ್ತಿ ಹಿಡಿದ ಕೂಡಲೇ ಚಿಪ್ಪಿಗೆ ಜೀವ ಬಂತು.

ಜೀವ ಬಂದ ಚಿಪ್ ಏನು ಮಾಡುತ್ತದೆ ಅನ್ನುವುದು ನನಗೆ ತುಂಬಾ ಇಷ್ಟವಾದ ಭಾಗ. ನಿನ್ನತ್ತೆ ಧಾರವಾಡದ ಕಡೆಯವಳು. ಮದುವೆಯಾಗಿ ನಾವು ಮನೆಯೊಳಗೆ ಕಾಲಿಡುವಾಗ ಹೆಂಗಸರು ಬಾಗಿಲಿಗೆ ಅಡ್ಡ ನಿಂತರು. ಗಂಡನ ಹೆಸರನ್ನು ಒಡಪಿನಲ್ಲಿ ಹೇಳದೆ ಒಳಗೆ ಬಿಡುವುದಿಲ್ಲ. ಒಬ್ಬಳು ಮಲ್ಲಿಗೆ ಅಂತ ಶುರುಮಾಡಿದರೆ ಇವಳು ಅದಕ್ಕೆ ಪ್ರಾಸ ಹೊಂದಿಸಿ ನನ್ನ ಹೆಸರು ಕೂಡಿಸಬೇಕು. ಇನ್ನೊಬ್ಬಳು ಸಕ್ಕರೆ ಅಂದರೆ ಮತ್ತೆ ಹೊಸದು. ಕಾರಿಗೂ ಕೀಗೂ ನಡೆಯುವುದು ಇದೇ ಶಾಸ್ತ್ರ. ಕಾರು ಪ್ರತಿ ಸಲ ಬೇರೊಂದು ಸಂಖ್ಯೆ ಎಸೆಯುತ್ತದೆ. ಚಿಪ್ ಅದನ್ನು ತನ್ನೊಳಗಿನ ಗುಟ್ಟಿನ ಸಂಖ್ಯೆಯ ಜೊತೆ ಕಲಸಿ ಉತ್ತರ ಕಳಿಸುತ್ತದೆ. ಕಾರಿಗೂ ಆ ಗುಟ್ಟು ಗೊತ್ತು, ಅದೂ ಪಕ್ಕದಲ್ಲೇ ಅದೇ ಲೆಕ್ಕ ಮಾಡಿಕೊಂಡಿರುತ್ತದೆ. ಎರಡೂ ತಾಳೆಯಾದರೆ ಎಂಜಿನ್ನಿನ ಕಂಪ್ಯೂಟರ್ ಪೆಟ್ರೋಲ್ ಚಿಮ್ಮಿಸುತ್ತದೆ, ಕಿಡಿ ಬಿಡುತ್ತದೆ. ಗುಟ್ಟು ಮಾತ್ರ ಗಾಳಿಗೆ ಬರುವುದೇ ಇಲ್ಲ. ನಿನ್ನೆಯ ಒಡಪನ್ನು ಕದ್ದು ಕೇಳಿ ಇವತ್ತು ಒಪ್ಪಿಸಿದರೆ ಬಾಗಿಲಲ್ಲಿ ನಿಂತವರು ಜಗ್ಗುವುದಿಲ್ಲ.

ಉತ್ತರ ತಪ್ಪಿದರೆ ಕೆಲವು ಕಾರುಗಳಲ್ಲಿ ಸೆಲ್ಫೇ ಹೊಡೆಯುವುದಿಲ್ಲ. ಕೆಲವು ಹೊತ್ತಿಕೊಂಡ ಹಾಗೆ ಮಾಡಿ ಎರಡು ಸೆಕೆಂಡಿಗೆ ಉಸಿರು ಕಟ್ಟಿ ನಿಲ್ಲುತ್ತವೆ. ಬಸ್‌ಸ್ಟ್ಯಾಂಡಿನ ಹತ್ತಿರ ಡೂಪ್ಲಿಕೇಟ್ ಕೀ ಮಾಡುವವನು ಕೊಯ್ದುಕೊಟ್ಟ ಕೀ ಬಾಗಿಲು ತೆರೆಯುತ್ತದೆ, ಕಾರು ಓಡಿಸುವುದಿಲ್ಲ. ಅದಕ್ಕೂ ಇದೇ ಕಾರಣ, ಅದರ ಬಾಯಲ್ಲಿ ಒಡಪಿಲ್ಲ. ಅವತ್ತು ಆ ಪುಣ್ಯಾತ್ಮನಿಂದ ತಳ್ಳಿಸಬೇಡ ಅಂದದ್ದೂ ಇದಕ್ಕೇ. ಘಟ್ಟದ ಇಳಿಜಾರಿನುದ್ದ ತಳ್ಳಿದರೂ ಒಪ್ಪಿಗೆ ಸಿಗದ ಎಂಜಿನ್ ಪೆಟ್ರೋಲ್ ಕುಡಿಯುವುದಿಲ್ಲ.

ಈ ಚಿಕ್ಕ ಚಿಪ್ ಮಾಡಿದ ಉಪಕಾರ ಸಣ್ಣದಲ್ಲ. ಯುರೋಪಿನ ಒಕ್ಕೂಟ 1998ರಿಂದ ಹೊಸ ಕಾರುಗಳಿಗೆಲ್ಲ ಇದನ್ನು ಕಡ್ಡಾಯ ಮಾಡಿತು. ನೆದರ್ಲೆಂಡ್ಸಿನ ಇಬ್ಬರು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ನೋಡಿದಾಗ ಅವರ ದೇಶದಲ್ಲಿ ಕಾರು ಕಳವು ಇದರಿಂದಾಗಿ ಸರಾಸರಿ ಶೇ. 40ರಷ್ಟು ಇಳಿದಿತ್ತು. ಅಮೆರಿಕದಲ್ಲಿ ಕಡ್ಡಾಯ ಮಾಡಲಿಲ್ಲ. ಅಲ್ಲಿ ಮಾರಿದ 2015ರ ಮಾದರಿಗಳನ್ನು ನೋಡಿದರೆ ಬೇರೆ ಕಂಪನಿಗಳ ಶೇ. 96ರಷ್ಟು ಕಾರುಗಳಲ್ಲಿ ಇಮ್ಮೊಬಿಲೈಸರ್ ಇತ್ತು, ಹ್ಯುಂಡೈ ಮತ್ತು ಕಿಯಾದಲ್ಲಿ ಶೇ. 26ರಷ್ಟರಲ್ಲಿ ಮಾತ್ರ. 2021, 2022ರ ಹೊತ್ತಿಗೆ ಹದಿಹರೆಯದ ಹುಡುಗರು ಆ ಕಾರುಗಳ ಸ್ಟೀರಿಂಗ್ ಕೆಳಗಿನ ಪ್ಲಾಸ್ಟಿಕ್ ಕಿತ್ತು, ಯುಎಸ್‌ಬಿ ವೈರಿನ ತಲೆಯಿಂದ ತಿರುಗಿಸಿ ಓಡಿಸಿಕೊಂಡು ಹೋದರು, ಅದನ್ನು ವಿಡಿಯೊ ಮಾಡಿ ಬೇರೆ ಹುಡುಗರಿಗೂ ಕಲಿಸಿದರು. ಬಟನ್ ಸ್ಟಾರ್ಟ್ ಇದ್ದ ಅದೇ ಕಂಪನಿಗಳ ಕಾರುಗಳಿಗೆ ಆ ಆಟ ನಡೆಯಲಿಲ್ಲ, ಅವುಗಳಲ್ಲಿ ಚಿಪ್ ಇತ್ತು.

ಚಿಪ್ ಸೋಲುವುದೇ ಇಲ್ಲ ಅಂತಲ್ಲ. 2005ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದವರೂ ಆರ್‌ಎಸ್‌ಎ ಪ್ರಯೋಗಾಲಯದವರೂ ಸೇರಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಒಂದು ಚಿಪ್ಪಿನ ಗುಟ್ಟು ಒಡೆದರು. ಅದರ ಗುಟ್ಟಿನ ಸಂಖ್ಯೆ 40 ಬಿಟ್ಟಿನಷ್ಟೇ ಉದ್ದ ಇತ್ತು. ನಕಲಿ ಚಿಪ್ಪಿನಿಂದ ತಮ್ಮ ಕಾರನ್ನು ಸ್ಟಾರ್ಟ್ ಮಾಡಿದ್ದಲ್ಲದೆ, ಅದೇ ಚಿಪ್ ನಂಬಿಕೊಂಡಿದ್ದ ಬಂಕಿನಲ್ಲಿ ಪೆಟ್ರೋಲನ್ನೂ ಹಾಕಿಸಿಕೊಂಡು ತೋರಿಸಿದರು. ಆಮೇಲಿನ ಚಿಪ್ಪುಗಳಲ್ಲಿ ಗುಟ್ಟಿನ ಉದ್ದ ಹೆಚ್ಚಾಗಿದೆ. ಇವತ್ತು ಕಳ್ಳ ಒಡಪನ್ನು ಬಿಡಿಸುವ ತಂಟೆಗೇ ಹೋಗುವುದಿಲ್ಲ. ಅವನಿಗೆ ಇನ್ನೊಂದು ದಾರಿ ಸಿಕ್ಕಿದೆ, ರಿಮೋಟಿನ ಎರಡನೆಯ ಜೀವದಿಂದ.

ಸೆಲ್ ಬೇಕಾದ್ದು ಅದೇ. ನೀನು ಬಾಗಿಲ ಹಿಡಿಕೆ ಮುಟ್ಟಿದ ಕೂಡಲೇ ಹಿಡಿಕೆಯೊಳಗಿನ ಆಂಟೆನಾ ಮೆಲುದನಿಯಲ್ಲಿ ಕೂಗುತ್ತದೆ, ‘ಇದ್ದೀಯಾ?’ ಅಂತ. ಆ ಕೂಗು ಒಂದೂವರೆ ಮೀಟರಿನಾಚೆ ಕೇಳಿಸದ ಹಾಗೆ ಬೇಕೆಂದೇ ಕಡಿಮೆ ಆವರ್ತನದ ತರಂಗದಲ್ಲಿ ಇಟ್ಟಿದ್ದಾರೆ. ನಿನ್ನ ಬ್ಯಾಗಿನ ತಳದಲ್ಲಿ ನಿದ್ದೆ ಮಾಡುತ್ತಿದ್ದ ರಿಮೋಟ್ ಎಚ್ಚೆತ್ತು, ತನ್ನ ಸೆಲ್ಲಿನ ಬಲದಿಂದ 433 ಮೆಗಾಹರ್ಟ್ಸಿನಲ್ಲಿ ಗಟ್ಟಿಯಾಗಿ ಉತ್ತರ ಕೊಡುತ್ತದೆ. ಬಾಗಿಲು ತೆರೆಯಿತು. ನೀನು ಕುಳಿತು ಕ್ಲಚ್ ತುಳಿದು ಬಟನ್ ಒತ್ತಿದಾಗ ಕಾರಿನೊಳಗಿನ ಆಂಟೆನಾಗಳು ಇನ್ನೊಮ್ಮೆ ಕೂಗುತ್ತವೆ, ಈ ಸಲ ಕೇಳುವುದು ‘ಒಳಗಿದ್ದೀಯಾ?’ ಅಂತ. ಹೌದು ಅನ್ನಿಸಿದ ಮೇಲೆ ಮತ್ತೆ ಒಡಪು, ಆಮೇಲೆ ಸ್ಟೀರಿಂಗ್ ಬೀಗ ಬಿಡುತ್ತದೆ, ರಿಲೇ ಕಟ್ ಅನ್ನುತ್ತದೆ, ಸೆಲ್ಫ್ ಹೊಡೆಯುತ್ತದೆ. ಇಷ್ಟೂ ನೀನು ಕಣ್ಣು ಮಿಟುಕಿಸುವುದರೊಳಗೆ. 1990ರ ದಶಕದ ಕೊನೆಗೆ ಮರ್ಸಿಡಿಸ್‌ನವರು ತಮ್ಮ ಎಸ್ ಕ್ಲಾಸ್ ಕಾರಿಗೆ ಹಾಕಿ ತಂದ ಸವಲತ್ತು ಈಗ ನಮ್ಮ ಓಣಿಯ ಸಣ್ಣ ಕಾರಿಗೂ ಬಂದಿದೆ.

ಇದರಲ್ಲಿ ಒಂದು ಪೆದ್ದುತನ ಇದೆ. ‘ಉತ್ತರ ಬಂತು, ಅಂದರೆ ಕೀ ಹತ್ತಿರವೇ ಇದೆ’ ಅಂತ ಕಾರು ನಂಬಿಬಿಡುತ್ತದೆ. ರಾತ್ರಿ ಕಾರು ಗೇಟಿನ ಹೊರಗೆ, ಕೀ ಮುಂಬಾಗಿಲ ಪಕ್ಕದ ಮೊಳೆಯಲ್ಲಿ. ಒಬ್ಬ ಕಳ್ಳ ಒಂದು ಪೆಟ್ಟಿಗೆ ಹಿಡಿದು ಕಾರಿನ ಬಳಿ ನಿಲ್ಲುತ್ತಾನೆ, ಇನ್ನೊಬ್ಬ ಇನ್ನೊಂದು ಪೆಟ್ಟಿಗೆ ಹಿಡಿದು ನಿನ್ನ ಬಾಗಿಲ ಬಳಿ. ಕಾರಿನ ಮೆಲುದನಿಯನ್ನು ಮೊದಲನೆಯವನ ಪೆಟ್ಟಿಗೆ ಹಿಡಿದು ಎರಡನೆಯವನಿಗೆ ದಾಟಿಸುತ್ತದೆ, ಅವನ ಪೆಟ್ಟಿಗೆ ಅದನ್ನು ಗೋಡೆಯಾಚೆಯ ಕೀಗೆ ಕೂಗಿ ಹೇಳುತ್ತದೆ. ನಿನ್ನ ಕೀ ಪಾಪ, ನಿಯತ್ತಾಗಿ ಒಡಪು ಹೇಳುತ್ತದೆ. ಗುಟ್ಟು ಒಡೆಯಲಿಲ್ಲ, ನಕಲಿ ಕೀ ಮಾಡಲಿಲ್ಲ, ಬರೀ ಚಾಡಿ ಸಾಗಿಸಿದರು. 2011ರಲ್ಲಿ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದವರು ಎಂಟು ಕಂಪನಿಗಳ ಹತ್ತು ಮಾದರಿಗಳ ಮೇಲೆ ಇದನ್ನು ಮಾಡಿ ನೋಡಿದರು. ಹತ್ತೂ ತೆರೆದುಕೊಂಡವು, ಹತ್ತೂ ಸ್ಟಾರ್ಟ್ ಆದವು. ಹೊಸ ದುಬಾರಿ ಕಾರುಗಳಲ್ಲಿ ಈಗ ಉತ್ತರ ಬರಲು ಹಿಡಿದ ಹೊತ್ತನ್ನೇ ಅಳೆಯುತ್ತಾರೆ. ರೇಡಿಯೊ ತರಂಗ ಒಂದು ನ್ಯಾನೊಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರ್ ಹೋಗುತ್ತದೆ, ತಡವಾಗಿ ಬಂದ ಉತ್ತರ ದೂರದ್ದು ಅಂತ ಕಾರಿಗೆ ಗೊತ್ತಾಗಿಬಿಡುತ್ತದೆ. ಕೆಲವು ರಿಮೋಟುಗಳು ಅಲುಗಾಡದೆ ಸ್ವಲ್ಪ ಹೊತ್ತು ಬಿದ್ದಿದ್ದರೆ ಕಿವಿ ಮುಚ್ಚಿ ಮಲಗಿಬಿಡುತ್ತವೆ. ನಿನ್ನದರಲ್ಲಿ ಅದುಂಟೋ ಇಲ್ಲವೋ ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ನೋಡು.

ಅದಕ್ಕೆ ನಾನು ಹೇಳುವ ಉಪಾಯಕ್ಕೆ ಖರ್ಚಿಲ್ಲ. ಬಾಗಿಲ ಪಕ್ಕದ ಮೊಳೆಯಿಂದ ಕೀ ತೆಗೆ. ಅಡುಗೆಮನೆಯಲ್ಲಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಇರುತ್ತದಲ್ಲ, ಸಾಸಿವೆ ಹಾಕುವಂಥದ್ದು, ಅದರಲ್ಲಿ ಕೀ ಹಾಕಿ ಮುಚ್ಚಿ ಡಬ್ಬಿ ಹಿಡಿದುಕೊಂಡೇ ಕಾರಿನ ಪಕ್ಕ ನಿಲ್ಲು, ಹಿಡಿಕೆ ಮುಟ್ಟು. ಬಾಗಿಲು ತೆರೆಯದಿದ್ದರೆ ಡಬ್ಬಿ ಒಳ್ಳೆಯದು. ತೆರೆದುಕೊಂಡರೆ ಅದರಲ್ಲಿ ಸಾಸಿವೆಯನ್ನೇ ಹಾಕು, ಬೇರೆ ಡಬ್ಬಿ ಹುಡುಕು. ಇಂಟರ್‌ನೆಟ್ಟಿನಲ್ಲಿ ತರಿಸುವ ಚೀಲಕ್ಕೂ ಇದೇ ಪರೀಕ್ಷೆ ಮಾಡಿಯೇ ನಂಬು. ಕಾರು ರಸ್ತೆಯಲ್ಲೇ ನಿಲ್ಲುವುದಾದರೆ ಗೇರ್ ಲಾಕ್ ಹಾಕಿಸು. ನಾಚಿಕೆ ಬೇಡ. ರೇಡಿಯೊ ತರಂಗದಲ್ಲಿ ಕಬ್ಬಿಣ ಕೊಯ್ಯಲು ಯಾರಿಗೂ ಬರುವುದಿಲ್ಲ.

ಇನ್ನು ಕಳ್ಳರಿಗಿಂತ ಹೆಚ್ಚು ನನ್ನನ್ನು ಕಾಡುವ ಮಾತು. ತಿರುಗಿಸುವ ಕೀ ನಮಗೆ ತಿಳಿಯದ ಹಾಗೆ ಒಂದು ಶಿಸ್ತು ಕಲಿಸಿತ್ತು. ಕೀ ಜೇಬಿಗೆ ಬಂತು ಅಂದರೆ ಎಂಜಿನ್ ನಿಂತಿದೆ ಅಂತಲೇ ಅರ್ಥ, ನಿಲ್ಲಿಸದೆ ಕೀ ಕೈಗೆ ಬರುತ್ತಿರಲಿಲ್ಲ. ನಿನ್ನ ಕೀ ಯಾವಾಗಲೂ ಜೇಬಿನಲ್ಲೇ ಇರುತ್ತದೆ, ಎಂಜಿನ್ ಓಡುತ್ತಿದ್ದರೂ ನಿಂತಿದ್ದರೂ. ಒಮ್ಮೆ ಹೊತ್ತಿಕೊಂಡ ಎಂಜಿನ್ ಕೀ ದೂರ ಹೋಯಿತು ಅಂತ ನಿಲ್ಲುವುದಿಲ್ಲ, ನಿಲ್ಲಲೂ ಬಾರದು. ಹೈವೇಯಲ್ಲಿ ಸೆಲ್ ಸತ್ತ ಕೂಡಲೇ ಎಂಜಿನ್ ನಿಂತರೆ ಗತಿಯೇನು? ಕೀ ಒಳಗಿಲ್ಲ ಅಂತ ಬೀಪ್ ಹೊಡೆಯುತ್ತದೆ, ಅಷ್ಟೇ.

ನಮ್ಮ ಅಂಗಡಿಯ ಗಿರಾಕಿಯೊಬ್ಬರು ಗಂಡನನ್ನು ಬೆಂಗಳೂರು ರೈಲಿಗೆ ಬಿಡಲು ಸ್ಟೇಷನ್ನಿಗೆ ಹೋದರು. ಕಾರು ಓಡಿಸಿಕೊಂಡು ಬಂದದ್ದು ಗಂಡ, ಕೀ ಅವರ ಪ್ಯಾಂಟಿನಲ್ಲಿ. ಆಕೆ ಡ್ರೈವರ್ ಸೀಟಿಗೆ ಬಂದು ಕುಳಿತು ಹೊರಟೇಬಿಟ್ಟರು, ಬೀಪ್ ಬಂದದ್ದನ್ನು ಸೀಟ್ ಬೆಲ್ಟಿನದು ಅಂದುಕೊಂಡರಂತೆ. ಬಂಕಿನಲ್ಲಿ ಪೆಟ್ರೋಲಿಗೆ ನಿಂತು ಬಟನ್ ಒತ್ತಿ ಎಂಜಿನ್ ಆಫ್ ಮಾಡಿದರು. ನನಗೆ ಫೋನ್ ಬರುವ ಹೊತ್ತಿಗೆ ಕೀ ಭದ್ರಾವತಿ ದಾಟಿತ್ತು. ಅವತ್ತು ನಗು ಬಂತು. ಆದರೆ ಇದೇ ಮರೆವು ಮುಚ್ಚಿದ ಗ್ಯಾರೇಜಿನಲ್ಲಿ ಆದರೆ ನಗುವ ಮಾತಲ್ಲ. ಅಮೆರಿಕದಲ್ಲಿ ಮನೆಗೆ ಅಂಟಿಕೊಂಡೇ ಗ್ಯಾರೇಜು ಇರುತ್ತದೆ. ಬಟನ್ ಕಾರನ್ನು ಆಫ್ ಮಾಡದೆ ಒಳಗೆ ಹೋಗಿ ಮಲಗಿದವರು ಕಾರ್ಬನ್ ಮೊನಾಕ್ಸೈಡ್ ಹೊಗೆಗೆ ಸತ್ತ ಪ್ರಕರಣಗಳನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 2018ರಲ್ಲಿ ಲೆಕ್ಕ ಹಾಕಿತು: 2006ರಿಂದ ಅಲ್ಲಿಯವರೆಗೆ 28 ಸಾವು. ಆ ಹೊಗೆಗೆ ಬಣ್ಣವಿಲ್ಲ, ವಾಸನೆಯಿಲ್ಲ.

ನಿನ್ನ ಅಪ್ಪ ಬಿಡದಿಯಲ್ಲಿ ತಯಾರಾಗುವ ಆ ಹೈಬ್ರಿಡ್ ಇನ್ನೋವಾ ತೆಗೆದುಕೊಳ್ಳುವ ಯೋಚನೆಯಲ್ಲಿದ್ದಾರಲ್ಲ. ಅವರಿಗೆ ಇದನ್ನು ಒತ್ತಿ ಹೇಳು. ಹೈಬ್ರಿಡ್ ನಿಂತಾಗ ಎಂಜಿನ್ ತಾನಾಗಿಯೇ ಸುಮ್ಮನಾಗುತ್ತದೆ, ಆಫ್ ಆಗಿದೆ ಅಂದುಕೊಂಡು ಇಳಿದುಬಿಡುತ್ತೀವಿ. ಬ್ಯಾಟರಿ ಇಳಿದ ಮೇಲೆ ಎಂಜಿನ್ ತಾನೇ ಎದ್ದು ಕೂರುತ್ತದೆ. ಕಿವಿಯನ್ನು ನಂಬುವ ಕಾಲ ಹೋಯಿತು. ಮೀಟರಿನ ದೀಪಗಳೆಲ್ಲ ಆರಿದ್ದನ್ನು ಕಣ್ಣಲ್ಲಿ ನೋಡಿ, ಬಾಗಿಲು ಲಾಕ್ ಆದ ಸದ್ದು ಕೇಳಿ, ಆಮೇಲೆ ಹೆಜ್ಜೆ ಹಾಕಬೇಕು.

ಓಡುವಾಗ ಎಂಜಿನ್ ನಿಲ್ಲಿಸಬೇಕಾಗಿ ಬಂದರೆ? 2009ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಲೆಕ್ಸಸ್ ಕಾರಿನ ಆಕ್ಸಿಲರೇಟರ್ ಕಾಲಡಿಯ ಮ್ಯಾಟಿಗೆ ಸಿಕ್ಕಿಕೊಂಡು ನಾಲ್ವರು ಸತ್ತರು. ಓಡಿಸುತ್ತಿದ್ದವರು ಹೆದ್ದಾರಿ ಪೊಲೀಸ್ ಅಧಿಕಾರಿ, ಡ್ರೈವಿಂಗಿನಲ್ಲಿ ಪಳಗಿದವರು. ಆ ಕಾರಿನಲ್ಲಿ ಬಟನ್ನನ್ನು ಮೂರು ಸೆಕೆಂಡ್ ಒತ್ತಿ ಹಿಡಿದರೆ ಮಾತ್ರ ಎಂಜಿನ್ ಆಫ್ ಆಗುತ್ತಿತ್ತು. ಅದು ಅವರದ್ದಲ್ಲ, ಡೀಲರ್ ತಾತ್ಕಾಲಿಕವಾಗಿ ಕೊಟ್ಟ ಕಾರು. ಗಾಬರಿಯಲ್ಲಿ ಯಾರಾದರೂ ಟಕ್ ಅಂತ ಒತ್ತಿ ಬಿಡುತ್ತಾರೆ, ಹಿಡಿದುಕೊಂಡು ಎಣಿಸುತ್ತಾ ಕೂರುವುದಿಲ್ಲ. ನಿನ್ನ ಕಾರಿಗೆ ಎಷ್ಟು ಸೆಕೆಂಡ್ ಅಂತ ಪುಸ್ತಕದಲ್ಲಿ ಇವತ್ತೇ ನೋಡಿಡು. ಅದಕ್ಕೂ ಮುಂಚೆ ಮಾಡಬೇಕಾದ್ದು ನ್ಯೂಟ್ರಲ್, ಆಮೇಲೆ ಬ್ರೇಕ್. ಎಂಜಿನ್ ನಿಂತ ಮೇಲೆ ಸ್ಟೀರಿಂಗ್ ಕಲ್ಲಿನ ಹಾಗೆ ಭಾರವಾಗುತ್ತದೆ, ಬ್ರೇಕು ಒಂದೆರಡು ತುಳಿತಕ್ಕೆ ಗಟ್ಟಿಯಾಗುತ್ತದೆ. ಹೆದರದೆ ಜೋರಾಗಿ ತುಳಿ.

ಸಣ್ಣಪುಟ್ಟ ಮಾತುಗಳನ್ನು ಬೇಗ ಬೇಗ ಹೇಳಿಬಿಡುತ್ತೇನೆ. ಬಿಲ್ಲೆ ಸೆಲ್ಲಿನ ಮೇಲೆ ಸಿಆರ್ 2032 ಅಂತ ಬರೆದಿದ್ದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ ಅಂತ ಅರ್ಥ. ಬರೆದಿರುವುದನ್ನೇ ನೋಡಿ ಅದನ್ನೇ ತಾ, ಕೂರುತ್ತದೆ ಅಂತ ಬೇರೆಯದನ್ನು ತುರುಕಬೇಡ. ರಿಮೋಟನ್ನು ಮೊಬೈಲಿನ ಜೊತೆ ಒಂದೇ ಖಾನೆಯಲ್ಲಾಗಲಿ, ವೈರ್‌ಲೆಸ್ ಚಾರ್ಜರಿನ ಮೇಲಾಗಲಿ ಇಡಬೇಡ. ಸೆಲ್ ಚೆನ್ನಾಗಿದ್ದರೂ ಕೀ ಇಲ್ಲ ಅನ್ನುತ್ತದೆ. ಮೀಟರಿನ ದೀಪಗಳು ಚೆನ್ನಾಗಿ ಉರಿಯುತ್ತಾ ಕೀ ಇಲ್ಲ ಅಂತ ಬಂದರೆ ತೊಂದರೆ ರಿಮೋಟಿನದು. ದೀಪಗಳೇ ಮಂಕಾಗಿ ಟಿಕ್ ಟಿಕ್ ಅಂದರೆ ಬಾನೆಟ್ಟಿನ ಕೆಳಗಿನ ಬ್ಯಾಟರಿಯದು. ರಿಮೋಟಿನ ಹೊಟ್ಟೆಯಲ್ಲಿ ಕಬ್ಬಿಣದ ಕೀಯೊಂದು ಅಡಗಿದೆ, ಅದನ್ನು ಎಳೆದು ನೋಡಿದ್ದೀಯಾ? ಡ್ರೈವರ್ ಬಾಗಿಲಿನ ಹಿಡಿಕೆಯಲ್ಲಿ ಅದರ ರಂಧ್ರ ಎಲ್ಲಿದೆ ಅಂತ ಹಗಲು ಹೊತ್ತಿನಲ್ಲೇ ಒಮ್ಮೆ ಹುಡುಕಿಡು, ಕೆಲವು ಕಾರುಗಳಲ್ಲಿ ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಇರುತ್ತದೆ. ಆ ಕೀಯಿಂದ ತೆರೆದರೆ ಅಲಾರಂ ಹೊಡೆದುಕೊಳ್ಳಬಹುದು. ರಿಮೋಟನ್ನು ಬಟನ್ನಿಗೆ ಹಿಡಿದು ಸ್ಟಾರ್ಟ್ ಮಾಡಿದರೆ ಸುಮ್ಮನಾಗುತ್ತದೆ.

ಇನ್ನೊಂದು ಮಾತು ಇದೆ, ಇದುವರೆಗೆ ಮನೆಯಲ್ಲಿ ಯಾರಿಗೂ ಹೇಳಿಲ್ಲ. ಹಿಂದೆ ಒಬ್ಬ ಗಿರಾಕಿ ದೂರದಿಂದಲೇ ಕಾರು ಸ್ಟಾರ್ಟ್ ಮಾಡುವ ಕಿಟ್ ತಂದು ಹಾಕಿಕೊಡು ಅಂದ. ಅವನ ಕಾರಿನಲ್ಲಿ ಇಮ್ಮೊಬಿಲೈಸರ್ ಇತ್ತು, ಕೀ ಹತ್ತಿರ ಇಲ್ಲದೆ ಎಂಜಿನ್ ಎದ್ದೇಳದು. ನಾನು ಬುದ್ಧಿವಂತಿಕೆ ಮಾಡಿದೆ. ಅವನ ಎರಡನೇ ಕೀಯಿಂದ ಆ ಗಾಜಿನ ಗುಳಿಗೆ ತೆಗೆದು ಸ್ಟೀರಿಂಗ್ ಕೆಳಗೆ, ಕಾರಿನ ಸುರುಳಿಯ ಪಕ್ಕದಲ್ಲೇ ಟೇಪ್ ಸುತ್ತಿ ಅಂಟಿಸಿದೆ. ಕಿಟ್ ಸೊಗಸಾಗಿ ಕೆಲಸ ಮಾಡಿತು. ಒಡಪು ಹೇಳುವವಳನ್ನು ಬಾಗಿಲಲ್ಲೇ ಕೂರಿಸಿದ್ದೆ ನಾನು, ಯಾರು ಬಂದರೂ ಅವರ ಪರವಾಗಿ ಅವಳೇ ಹೇಳುತ್ತಿದ್ದಳು. ನಾಲ್ಕು ತಿಂಗಳಿಗೆ ಕಾರು ಕಳವಾಯಿತು, ಹಳೇ ಅಂಬಾಸಿಡರ್ ಕದ್ದ ಹಾಗೆ ವೈರ್ ಕೂಡಿಸಿಯೇ. ವಿಮೆಯವರು ಮಾಮೂಲಿನಂತೆ ಎರಡೂ ಕೀ ಕೇಳಿದರು. ಒಂದರ ಹೊಟ್ಟೆ ಖಾಲಿ. ಅವನು ನನ್ನನ್ನು ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು. ಇವತ್ತಿಗೂ ಯಾರಾದರೂ ‘ಇಮ್ಮೊಬಿಲೈಸರ್ ಬೈಪಾಸ್ ಮಾಡ್ತೀನಿ ಮೇಡಂ, ತೊಂದರೆಯೇ ಇರಲ್ಲ’ ಅಂದರೆ ಅವನ ಅಂಗಡಿಯ ಮೆಟ್ಟಿಲನ್ನೂ ಹತ್ತಬೇಡ.

ಈಗ ನಿನ್ನ ಉಪಾಯ. ಇನ್ನೊಮ್ಮೆ ಸೆಲ್ ಕೈಕೊಟ್ಟರೆ ಇರಲಿ ಅಂತ ಎರಡನೇ ರಿಮೋಟನ್ನೂ ಕಾರಿನ ಡ್ಯಾಶ್‌ಬೋರ್ಡ್ ಖಾನೆಯಲ್ಲೇ ಇಟ್ಟಿದ್ದೀಯಂತೆ. ಒಳಗೆ ಕೀ ಇದ್ದರೆ ಬಾಗಿಲು ಲಾಕ್ ಆಗದೆ ಬೀಪ್ ಹೊಡೆಯುತ್ತದಲ್ಲ ಅಂತ ನಿನ್ನಮ್ಮನನ್ನು ಕೇಳಿದೆ. ‘ಇವಳು ಜಾಣೆ, ಅದರ ಸೆಲ್ ತೆಗೆದು ಇಟ್ಟಿದ್ದಾಳೆ, ಕಾರಿಗೆ ಗೊತ್ತೇ ಆಗಲ್ಲವಂತೆ’ ಅಂದಳು ಹೆಮ್ಮೆಯಿಂದ.

ಕಾರಿಗೆ ಗೊತ್ತಾಗುವುದಿಲ್ಲ, ನಿಜ. ಆದರೆ ಜೋಗದಲ್ಲಿ ನಾನು ನಿನಗೆ ಹೇಳಿಕೊಟ್ಟದ್ದು ಕಳ್ಳನಿಗೂ ಗೊತ್ತು. ಗಾಜು ಒಡೆದು, ಖಾನೆ ತೆರೆದು, ಸೆಲ್ ಇಲ್ಲದ ಆ ರಿಮೋಟನ್ನು ಬಟನ್ನಿಗೆ ಒತ್ತಿ ಹಿಡಿದರೆ ನಿನ್ನ ಕಾರು ಅವನಿಗೂ ಹಾಗೇ ಹೊತ್ತಿಕೊಳ್ಳುತ್ತದೆ. ಈ ಕಾಗದ ಓದಿ ಮುಗಿದ ಕೂಡಲೇ ಕೆಳಗಿಳಿದು ಹೋಗು, ಆ ಕೀಯನ್ನು ತಂದು ನಿನ್ನ ಬೀರುವಿನಲ್ಲಿಟ್ಟು ನನಗೊಂದು ಫೋನ್ ಮಾಡು.

ನಿನ್ನ ಮಾವ